ಬೆಲ್ಲ-ನೀರು ಕೊಟ್ಟು ಕೆಡಿಸಿಕೊಂಡ ದೂರು

ಬಾಯಾರಿಕೆಯಾದರೆ ನೀವಿಬ್ಬರೂ ನನ್ನ ಅಡುಗೆಮನೆ ಬಿಟ್ಟು ಎದುರುಮನೆಗೆ ಓಡುತ್ತಿದ್ದ ಕಾಲವೊಂದಿತ್ತು. ನಿಮಗೆ ಅದು ಮರೆತುಹೋಗಿರಬಹುದು. ಮಕ್ಕಳಿಗೆ ನೀರು ಎಲ್ಲಿ ಕುಡಿದರೂ ನೀರೇ. ನನಗೆ ಮಾತ್ರ ಆ ನಾಲ್ಕು ಹೆಜ್ಜೆಯ ಅಂಗಳ ನೀವು ದಾಟಿದಾಗಲೆಲ್ಲ ಎದೆಯಲ್ಲಿ ಒಲೆ ಉರಿದ ಹಾಗೆ ಆಗುತ್ತಿತ್ತು. ಆ ಉರಿಯ ಕತೆಯನ್ನೇ ಬರೆದಿಡುತ್ತೇನೆ. ದೊಡ್ಡವಳಿಗೆ ಈಗ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತದೆ. ತಮ್ಮನಿಗೂ ಓದಿ ಹೇಳು.

ಘಾಟ್ಕೋಪರಿನ ನಮ್ಮ ಚಾಳು ನಿಮಗೆ ಗೊತ್ತೇ ಇದೆ. ನಡುವೆ ಅಂಗಳ, ಆಚೆ ಒಂದು ಸಾಲು, ಈಚೆ ಒಂದು ಸಾಲು. ನಿಮ್ಮ ಅಜ್ಜ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರಾಗಿದ್ದಾಗ ಈಚೆ ಸಾಲಿನ ಈ ಕೋಣೆ ಹಿಡಿದರು. ನಾನು ಉಡುಪಿಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೇ ಬಂದೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದು, ಅಷ್ಟೇ. ಹೊರಗಿನವರ ಎದುರು ನಿಂತರೆ ನನ್ನ ಸ್ವರ ಗಂಟಲಲ್ಲೇ ಕೂತುಬಿಡುತ್ತದೆ. ರೇಷನ್ ಅಂಗಡಿ, ಬ್ಯಾಂಕು, ಕರೆಂಟು ಬಿಲ್ಲು ಎಲ್ಲ ಅಜ್ಜನೇ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನಿಮ್ಮಪ್ಪ ಜೋಗೇಶ್ವರಿಯ ನಿಮ್ಮ ಮನೆಯಿಂದಲೇ ಮೊಬೈಲಿನಲ್ಲಿ ಎಲ್ಲ ಮಾಡಿಕೊಡುತ್ತಾನೆ.

ನಮ್ಮ ಸಾಲಿನಲ್ಲಿ ಈಗ ಸಂಸಾರ ಇರುವುದು ನನ್ನದೊಂದೇ. ಉಳಿದ ಕೋಣೆಗಳೆಲ್ಲ ಅಂಗಡಿಯವರ ಗೋಡೌನು. ಎದುರು ಸಾಲಿನಲ್ಲಿ, ನನ್ನ ಬಾಗಿಲಿಗೆ ಸರಿಯಾಗಿ, ಆ ಗುಜರಾತಿ ಹೆಂಗಸು. ಅವರಿಗೂ ಗಂಡ ಇಲ್ಲ, ನನಗೂ ಇಲ್ಲ. ಅವರು ನನ್ನನ್ನು 'ಬೆನ್' ಎನ್ನುತ್ತಾರೆ, ನಾನೂ ಅವರನ್ನು ಬೆನ್ ಎನ್ನುತ್ತೇನೆ. ಹಾಗೆಂದರೆ ಅಕ್ಕ, ತಂಗಿ. ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲಿ, ನನ್ನದು ಕುಂಟು ಹಿಂದಿ, ಅವರದು ಓಡುವ ಹಿಂದಿ. ಚಾಳಿನ ಮಕ್ಕಳೆಲ್ಲ ಅವರನ್ನು ನಾನಿ, ಅಂದರೆ ಅಜ್ಜಿ, ಎನ್ನುತ್ತಾರೆ. ನೀವೂ ಹಾಗೇ ಶುರುಮಾಡಿದಿರಿ. ಆದ್ದರಿಂದ ಇಲ್ಲಿ ನಾನೂ ಅವರನ್ನು ನಿಮ್ಮ ನಾನಿ ಎಂದೇ ಬರೆಯುತ್ತೇನೆ. ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಆದರೂ ಬರೆಯುತ್ತೇನೆ.

ಎರಡು ಸಾಲಿಗೂ ಮುನಿಸಿಪಾಲಿಟಿಯ ನೀರು ಬೇರೆಬೇರೆ ಪೈಪಿನಲ್ಲಿ ಬರುತ್ತದೆ, ಬೆಳಗ್ಗೆ ಮಾತ್ರ. ಇದೆಲ್ಲ ಶುರುವಾಗುವುದಕ್ಕೆ ಹಿಂದಿನ ಮಳೆಗಾಲದಲ್ಲಿ ನಾನಿಯ ಸಾಲಿನ ನೀರು ಕೆಟ್ಟಿತ್ತು. ಅವರು ವಾರ್ಡ್ ಆಫೀಸಿಗೆ ಹೋಗಿ ಜೋರು ಮಾಡಿ, ಹೊಸ ಪೈಪು ಹಾಕಿಸಿಕೊಂಡರು. ಪೈಪು ಹಾಕುವವರಿಗೆ ಕುರ್ಚಿಯಲ್ಲಿ ಕೂತು 'ದೀಕರಾ, ಇಲ್ಲಿ ಇನ್ನೂ ಸ್ವಲ್ಪ ಅಗೆ' ಎಂದು ಮಗನಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಆವತ್ತೇ ನನಗೆ ಹೊಟ್ಟೆಕಿಚ್ಚು. ಅವರ ಹೊಸ ಪೈಪಿನ ಮೇಲಲ್ಲ. ಅಷ್ಟು ಜನ ಗಂಡಸರ ನಡುವೆ ಅಷ್ಟು ಸಲೀಸಾಗಿ ಮಾತಾಡುತ್ತಾರಲ್ಲ, ಆ ಬಾಯಿಯ ಮೇಲೆ.

ಚಳಿಗಾಲ ಮುಗಿಯುವಷ್ಟರಲ್ಲಿ ನನ್ನ ನಳ್ಳಿಯ ನೀರು ಕೆಟ್ಟಿತು. ಬೆಳಗ್ಗೆ ಮೊದಲು ಬರುವ ನೀರಿಗೆ ಗಟಾರದ ನಾತ, ಬಣ್ಣ ತೆಳು ಚಹಾದಂತೆ. ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತಿತ್ತು. ನಾನು ಮೊದಲ ನೀರನ್ನು ಚೆಲ್ಲಿ, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ತಾಮ್ರದ ಕೊಡಪಾನದಲ್ಲಿ ತುಂಬಿ ಲಾವಂಚದ ಬೇರು ಹಾಕಿಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಬೇಕಾದರೆ ಬಾಯಿ ತೆರೆಯಬೇಕಲ್ಲ.

ಆಮೇಲೆ ಸಣ್ಣವನಿಗೆ ಹೊಟ್ಟೆ ಕೆಟ್ಟಿತು. ಒಂದು ಭಾನುವಾರ ನನ್ನಲ್ಲಿ ಉಂಡು ಹೋದವನು ಮರುದಿನ ಡಾಕ್ಟರ ಹತ್ತಿರ. ನನ್ನ ನೀರಿನಿಂದಲೇ ಹಾಗಾಯಿತೆಂದು ಯಾರೂ ಹೇಳಲಿಲ್ಲ. ಮೆಟ್ರೋ ಸ್ಟೇಷನಿನ ಕೆಳಗೆ ಅವನು ಐಸ್ ಗೋಲಾ ತಿಂದದ್ದೂ ಹೌದು. ಆದರೆ ಮುಂದಿನ ಭಾನುವಾರ ನಿಮ್ಮಮ್ಮ ನೀರಿನ ಬಾಟಲಿಗಳನ್ನು ಹೊತ್ತುಕೊಂಡೇ ಬಂದಳು.

"ಅತ್ತೆ, ಬೇಜಾರು ಮಾಡ್ಕೊಳ್ಬೇಡಿ. ಮಕ್ಕಳಿಗೆ ಸದ್ಯ ಇಲ್ಲಿಯ ನೀರು ಬೇಡ."

"ಕುದಿಸಿದ್ದು ಮಾರಾಯ್ತಿ."

"ಕುದಿಸಿದ್ದೂ ಬೇಡ ಅತ್ತೆ. ಸರಿಯಾದ ಮೇಲೆ ಕುಡಿಯಲಿ."

ಅವಳು ಮೆತ್ತಗೆ ಹೇಳಿದ್ದಳು. ನಾನು ಸೊಸೆಯಾಗಿದ್ದಾಗ ನನ್ನ ಅತ್ತೆಗೆ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ, ಅವಳಿಗಿದೆ. ಅದೂ ಒಂದು ಉರಿ, ಇರಲಿ.

ನೀವು ತಂದ ಬಾಟಲಿ ಊಟಕ್ಕೆ ಮೊದಲೇ ಖಾಲಿಯಾಗುತ್ತಿತ್ತು. ಆಮೇಲೆ ಎದುರುಮನೆ. ಅಲ್ಲಿ ಬಾಗಿಲ ಪಕ್ಕದಲ್ಲೇ ಮಣ್ಣಿನ ಮಡಕೆ, ಅದರ ಮೇಲೆ ಹಿತ್ತಾಳೆಯ ತಟ್ಟೆ, ಉದ್ದ ಹಿಡಿಯ ಸೌಟು. ನೀರು ಕುಡಿಯಲು ಹೋದವರು ಹಾಗೇ ಬರುತ್ತೀರಾ? ನೀರಿನ ಹಿಂದೆ ಹಪ್ಪಳದ ಹಾಗಿನ ಗರಿಗರಿ ಖಾಖರಾ, ಖಾಖರಾದ ಹಿಂದೆ ಕೇರಂ ಬೋರ್ಡು, ಅದರ ಹಿಂದೆ ಟಿ.ವಿ. ನಾನು ನಿಮಗಾಗಿ ಬೆಳಗ್ಗೆಯೇ ಎದ್ದು ಅರೆದು ಮಾಡಿದ ನೀರುದೋಸೆ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಕರೆದರೆ ಅಲ್ಲಿಂದ ಸಣ್ಣವನ ಉತ್ತರ:

"ಅಜ್ಜಿ, ಏಕ್ ಗೇಮ್! ಬಸ್, ಒಂದೇ!"

ನಾನಿ ಒಳಗಿನಿಂದಲೇ ಕೂಗುತ್ತಿದ್ದರು, "ಇರಲಿ ಬಿಡಿ ಬೆನ್, ನನ್ನ ಮಕ್ಕಳೇ ಅಲ್ಲವಾ?"

ಅಲ್ಲ ಎಂದು ನನಗೆ ಹೇಳಬೇಕೆನಿಸುತ್ತಿತ್ತು.

ಮೇ ತಿಂಗಳ ರಜೆಯಲ್ಲಿ ನೀವಿಬ್ಬರೂ ನನ್ನ ಹತ್ತಿರ ಬಂದು ಇರುವುದೆಂದು ಮೊದಲೇ ಮಾತಾಗಿತ್ತು. ಅದಕ್ಕೆಂದೇ ನಾನು ಹಪ್ಪಳ ಮಾಡಿ, ಹೊಸ ಚಾಪೆ ತಂದಿಟ್ಟಿದ್ದೆ. ಆಗ ನಿಮ್ಮಪ್ಪ ಫೋನಿನಲ್ಲಿ ಹೇಳಿದ, "ಅಮ್ಮ, ನೀರು ಸರಿಯಾಗದಿದ್ದರೆ ಈ ಸಲ ಬೇಡ. ನೀನೇ ಇಲ್ಲಿಗೆ ಬಾ." ಅವನ ಹಿಂದೆ ಸಣ್ಣವನ ಸ್ವರ, "ನಾವು ನಾನಿ ಮನೆಯಲ್ಲಿ ಮಲಗ್ತೇವೆ ನಾ!" ಎಲ್ಲರೂ ನಕ್ಕದ್ದು ಫೋನಿನಲ್ಲಿ ಕೇಳಿಸಿತು. ನಾನೂ ನಕ್ಕೆ. ಫೋನಿಟ್ಟು ಆ ಹೊಸ ಚಾಪೆಯನ್ನು ಸುತ್ತಿ ಕಪಾಟಿನ ಮೇಲೆ ಹಾಕಿದೆ.

ನಿಮ್ಮಪ್ಪ ಮೊಬೈಲಿನಲ್ಲೇ ದೂರು ಕೊಟ್ಟ. ದೂರಿಗೊಂದು ನಂಬರು ಬಂತು, ಮನೆಗೆ ಜನ ಬಂದು ನೋಡುತ್ತಾರೆಂದ. ವಿಷಯ ಅಂಗಳಕ್ಕೆ ಗೊತ್ತಾಗಲು ಎಷ್ಟು ಹೊತ್ತು? ನಾನಿ ಬಟ್ಟೆ ಒಣಗಿಸುತ್ತಾ ನನಗೆ ಪಾಠ ಹೇಳಿದರು.

"ಬೆನ್, ಮೊಬೈಲು ಗಿಬೈಲು ಸಾಲದು. ಮೊದಲ ನೀರನ್ನು ಬಾಟಲಿಯಲ್ಲಿ ಹಿಡಿದಿಡಿ. ನಳ್ಳಿಗೆ ಕಟ್ಟಿದ ಬಟ್ಟೆ ಒಗೆಯಬೇಡಿ. ಹಾಗೇ ತೋರಿಸಿ. ನಾನು ಹಾಗೇ ಮಾಡಿದ್ದು."

"ಆಯ್ತು," ಎಂದೆ. ಒಳಗೆ ಬಂದು ಅಂದುಕೊಂಡೆ, ಇವರು ಹೇಳಿದ ಹಾಗೆ ಮಾಡಿ ನನ್ನ ನೀರು ಸರಿಯಾದರೆ, ಅದೂ ಇವರದೇ ಹೆಚ್ಚುಗಾರಿಕೆ. ಆಮೇಲೆ ನೀವು ಕುಡಿಯುವ ಒಂದೊಂದು ಲೋಟಕ್ಕೂ ಇವರ ಹೆಸರೇ.

ಮುನಿಸಿಪಾಲಿಟಿಯವರು ಬರುವ ದಿನ ಬೆಳಗ್ಗೆ ನಾನೇನು ಮಾಡಿದೆ ಗೊತ್ತಾ? ಮನೆ ಗುಡಿಸಿ ಒರೆಸಿದೆ. ಸಿಂಕು ತಿಕ್ಕಿದೆ. ನಳ್ಳಿಯ ಬಟ್ಟೆ ಕಂದುಗಟ್ಟಿತ್ತು. ಒಬ್ಬ ಸರಕಾರಿ ಮನುಷ್ಯ ಮನೆಗೆ ಬರುವಾಗ ಅಂಥ ಕೊಳಕು ಬಟ್ಟೆ ನೇತಾಡುವುದೇ? ಅದನ್ನು ಎಸೆದು, ಹಳೆ ಮಲ್ಲು ಪಂಚೆಯ ಬಿಳಿ ತುಂಡು ಹರಿದಿಟ್ಟೆ. ನೀರು ಬಂದಾಗ ಆ ನಾತದ ನೀರನ್ನೆಲ್ಲ ಮೋರಿಗೆ ಬಿಟ್ಟು, ಆಮೇಲೆ ಆ ಬಿಳಿ ತುಂಡು ಕಟ್ಟಿ, ಮೋರಿಗೂ ಫಿನಾಯಿಲು ಹಾಕಿದೆ. ಬಂದವರ ಮೂಗಿಗೆ ಬಡಿಯಬಾರದಲ್ಲ.

ಇನ್ಸ್‌ಪೆಕ್ಟರ್ ಬಂದದ್ದು ನೀರು ನಿಲ್ಲುವ ಹೊತ್ತಿಗೆ. ಒಳ್ಳೆಯ ಮನುಷ್ಯ, ಬಿಸಿಲಲ್ಲಿ ನಡೆದು ಬಂದು ಬೆವತಿದ್ದ. ಚಪ್ಪಲಿ ಹೊರಗೆ ಬಿಟ್ಟ. ಊರಿನಲ್ಲಿ ನಮ್ಮ ಮನೆಗೆ ಯಾರೇ ಬರಲಿ, ಕೂತ ಕೂಡಲೇ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು. ಅದಾದ ಮೇಲೆಯೇ ಬಂದ ಕೆಲಸವೇನೆಂದು ಕೇಳುವುದು. ನನ್ನ ಕೈಗೆ ಅದು ತಾನಾಗಿ ಬರುತ್ತದೆ, ಯೋಚಿಸಬೇಕಾಗಿಲ್ಲ. ಕೊಡಪಾನದ ನೀರು ಬಗ್ಗಿಸಿ, ಬೆಲ್ಲದ ಜೊತೆ ಅವನ ಮುಂದಿಟ್ಟೆ.

ಬೆಲ್ಲ ಬಾಯಿಗೆ ಹಾಕಿಕೊಂಡು ಗಟಗಟ ಕುಡಿದ. ಇನ್ನೊಂದು ಚೊಂಬು ಕೇಳಿದ. ಅದನ್ನೂ ಕುಡಿದು ಬಾಯಿ ಒರೆಸಿಕೊಂಡು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ ನನ್ನನ್ನು ಮಾವಶಿ ಎಂದ.

"ಮಾವಶಿ, ಇಷ್ಟು ರುಚಿಯಾದ ನೀರು ನಾನು ಈ ವಾರ್ಡಿನಲ್ಲೇ ಕುಡಿದಿಲ್ಲ."

ಆಗ ಹೇಳಬೇಕಿತ್ತು. ಇದು ಸೋಸಿದ್ದು, ಕುದಿಸಿದ್ದು, ಲಾವಂಚ ಹಾಕಿದ್ದು ಅಂತ. ಹೊಗಳಿದನಲ್ಲ, ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಅವನು ನಳ್ಳಿ ತಿರುಗಿಸಿದ. ಅಷ್ಟು ಹೊತ್ತಿಗೆ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಮೂಸಿ ನೋಡಿದ, ಬಿಳಿ ಬಟ್ಟೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "ನಾತ ಯಾವಾಗ ಬರುತ್ತದೆ?" ಎಂದು ಕೇಳಿದ. ನಾನು ಹಿಂದಿಯಲ್ಲಿ 'ಮೊದಲು ಬರುತ್ತದೆ' ಎನ್ನಲು ಹೋಗಿ 'ಮೊದಲು ಬರುತ್ತಿತ್ತು' ಎನ್ನುವ ಹಾಗೆ ಏನೋ ಗೊಣಗಿದೆ. ಅವನು ತಲೆಯಾಡಿಸಿ ಹೋದ.

ಸಂಜೆ ನಿಮ್ಮಪ್ಪನ ಮೊಬೈಲಿಗೆ ಮೆಸೇಜು. ನಿಮ್ಮ ದೂರನ್ನು ಪರಿಶೀಲಿಸಿ ಪರಿಹರಿಸಲಾಗಿದೆ.

ನಿಮ್ಮಪ್ಪನಿಗೆ ಸಿಟ್ಟು ಬಂತು. ನಡೆದದ್ದು ಹೇಳಿದ ಮೇಲೆ ಅವನಿಗೆ ಸಿಟ್ಟು ಮಾಡುವುದೋ ನಗುವುದೋ ತಿಳಿಯಲಿಲ್ಲ. ನಾನಿಗೆ ಆ ಕಷ್ಟವೇ ಇರಲಿಲ್ಲ. ಕುಕ್ಕರಿನ ಸೀಟಿಯ ಹಾಗೆ ನಕ್ಕರು.

"ಅರೆ ಬೆನ್! ಕಳ್ಳ ಸಿಕ್ಕಿದ್ದಾನೆ ಬನ್ನಿ ಅಂತ ಪೊಲೀಸರನ್ನು ಕರೆದು, ಅವರು ಬರುವ ಮೊದಲು ಕಳ್ಳನಿಗೆ ಸ್ನಾನ ಮಾಡಿಸಿ, ಬಿಳಿ ಅಂಗಿ ಹಾಕಿ, ತಲೆ ಬಾಚಿ ಕೂರಿಸಿದಿರಲ್ಲ!"

ಆ ಮಾತು ಅಂಗಳದಲ್ಲಿ ಸುತ್ತಿತು. ಹಾಲಿನವನೂ ನನ್ನನ್ನು ನೋಡಿ ನಗುತ್ತಿದ್ದ. ಕೊನೆಗೆ ನಾನಿ ಕಣ್ಣೊರೆಸಿಕೊಂಡು ಹೇಳಿದರು, "ನಾಳೆ ನಾನೇ ಬರುತ್ತೇನೆ, ನಡೀರಿ ವಾರ್ಡ್ ಆಫೀಸಿಗೆ. ನೀವು ಸುಮ್ಮನೆ ನಿಲ್ಲಿ ಸಾಕು, ಮಾತೆಲ್ಲ ನನ್ನದು."

"ಬೇಡ," ಎಂದೆ. ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಬಂತು ಆ ಸ್ವರ.

ಮರುದಿನ ಬೆಳಗ್ಗೆ ಅವರು ಪೂಜೆಗೆ ಕೂತ ಹೊತ್ತು ನೋಡಿಕೊಂಡು ಹೊರಟೆ. ಮೊದಲ ನೀರನ್ನು ಬಾಟಲಿಯಲ್ಲಿ ಹಿಡಿದಿದ್ದೆ. ಬಿಳಿ ಬಟ್ಟೆ ಅಷ್ಟರಲ್ಲೇ ಕಂದಾಗಿತ್ತು, ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೆ. ಅವರು ಹೇಳಿಕೊಟ್ಟದ್ದನ್ನೇ ಮಾಡುತ್ತಿದ್ದೆ, ನನಗೆ ಗೊತ್ತಿತ್ತು. ಆದರೆ ಅವರಿಲ್ಲದೆ ಮಾಡುತ್ತಿದ್ದೆ, ಅಷ್ಟೇ ನನಗೆ ಬೇಕಾಗಿದ್ದದ್ದು.

ವಾರ್ಡ್ ಆಫೀಸಿನಲ್ಲಿ ಎಷ್ಟು ಬಾಗಿಲು, ಎಷ್ಟು ಕಿಟಕಿ! ಒಬ್ಬ ಅತ್ತ ಎಂದ, ಒಬ್ಬ ಮೇಲೆ ಎಂದ. ಮೇಲೆ ಹೋದರೆ ಅಲ್ಲಿ ಮದುವೆ ನೋಂದಣಿ. ಹೂವಿನ ಹಾರ ಹಿಡಿದ ಹುಡುಗ ಹುಡುಗಿಯರ ನಡುವೆ ನಾನು ಗಟಾರದ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಮನೆಗೆ ಹೋಗಿಬಿಡಲೇ ಅನಿಸಿತು. ಆಗ ಸಣ್ಣವನ 'ನಾನಿ ಮನೆಯಲ್ಲಿ ಮಲಗ್ತೇವೆ' ಕಿವಿಯಲ್ಲಿ ಕೇಳಿತು. ಮೆಟ್ಟಿಲಿಳಿದು ಮತ್ತೆ ಕೇಳಿದೆ. ನೀರಿನ ವಿಭಾಗ ಕೆಳಗೇ, ಹಿಂದಿನ ಬದಿಗೆ ಇತ್ತು.

ಅಲ್ಲಿ ಮೇಜಿನ ಹಿಂದೆ ಒಬ್ಬಳು ಹೆಂಗಸು, ನಿಮ್ಮಮ್ಮನ ವಯಸ್ಸು, ಇಂಜಿನಿಯರು. ಅವಳ ಮುಂದೆ ಹೋಗಿ ನಿಂತೆ. ಮಾತಾಡದೆ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಬಟ್ಟೆಯನ್ನೂ ತೆಗೆದು ಪಕ್ಕದಲ್ಲಿಟ್ಟೆ. ಅವಳು ಮೂಗು ಮುಚ್ಚಿಕೊಂಡು ದೂರಿನ ನಂಬರು ಕೇಳಿದಳು. ಕಂಪ್ಯೂಟರಿನಲ್ಲಿ ನೋಡಿದಳು.

"ಮಾವಶಿ, ಇದು ಮುಗಿದಿದೆ. ನೀರು ಚೆನ್ನಾಗಿದೆ ಅಂತ ಬಂದಿದೆ."

"ಅದು ನನ್ನ ಕೊಡಪಾನದ ನೀರು," ಎಂದೆ. ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದೂ ಬಂತು. ಬೆಲ್ಲ, ಬಿಳಿ ಬಟ್ಟೆ, ಫಿನಾಯಿಲು, ಎಲ್ಲ ಹೇಳಿದೆ. ರಜೆಗೆ ಮೊಮ್ಮಕ್ಕಳು ಬರುವುದಿಲ್ಲವೆಂದದ್ದನ್ನೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು. ಪಕ್ಕದ ಮೇಜಿನಿಂದ ಬಗ್ಗಿ ಕೇಳುತ್ತಿದ್ದ ಗುಮಾಸ್ತ ನಕ್ಕಾಗ ಅವನನ್ನು ಒಂದು ನೋಟ ನೋಡಿದಳು.

"ದೂರು ಮುಗಿದಿಲ್ಲ ಅಂತ ದೂರು ಕೊಟ್ಟವರು ಹೇಳಿದರೆ ಮತ್ತೆ ತೆರೆಯಬಹುದು. ತೆರೆಯುತ್ತೇನೆ. ನಾಳೆ ನೀರು ಬಿಡುವ ಮೊದಲೇ ನಾನು ಬರುತ್ತೇನೆ. ನನಗೆ ಏನೂ ಕೊಡಬೇಡಿ. ನಳ್ಳಿ ಮುಟ್ಟಬೇಡಿ." ಆಮೇಲೆ ಸೇರಿಸಿದಳು, "ಕೆಟ್ಟಿರುವುದು ನಿಮ್ಮ ಪೈಪೋ, ರಸ್ತೆಯ ದೊಡ್ಡ ಪೈಪೋ ಗೊತ್ತಾಗಬೇಕು. ಎದುರು ಸಾಲಿನ ಮನೆಯಿಂದಲೂ ಒಂದು ಗ್ಲಾಸು ಬೇಕು, ಅದೇ ಹೊತ್ತಿನದು. ಕೇಳಿಟ್ಟಿರಿ."

ಎದುರು ಸಾಲಿನಲ್ಲಿ ಆ ಹೊತ್ತಿಗೆ ಬಾಗಿಲು ತೆರೆದಿರುವುದು ಯಾರದು? ಮನೆಗೆ ಬರುವ ದಾರಿಯುದ್ದಕ್ಕೂ ಬೇರೆ ಯಾರಾದರೂ ಇದ್ದಾರೆಯೇ ಎಂದು ಎಣಿಸಿದೆ. ಒಬ್ಬರು ಊರಿಗೆ ಹೋಗಿದ್ದರು, ಒಬ್ಬರು ಬೈಕುಲ್ಲಾ ಮಾರ್ಕೆಟ್ಟಿಗೆ ಬೆಳಕು ಹರಿಯುವ ಮೊದಲೇ ಹೊರಡುವವರು. ಉಳಿದವರು ಏಳುವುದೇ ತಡವಾಗಿ. ಬೇರೆ ಗತಿಯಿರಲಿಲ್ಲ.

ಸಂಜೆ ಅವರ ಬಾಗಿಲಲ್ಲಿ ನಿಂತೆ.

"ಬೆನ್, ನಾಳೆ ಬೆಳಗ್ಗೆ ನಿಮ್ಮ ನಳ್ಳಿಯ ಒಂದು ಗ್ಲಾಸು ನೀರು ಬೇಕಾಗಿತ್ತು."

ಅವರು ಅವರೆಕಾಯಿಯ ಹಾಗಿನ ಏನೋ ಕಾಯಿ ಬಿಡಿಸುತ್ತಿದ್ದರು. ತಲೆಯೆತ್ತದೆಯೇ ಹೇಳಿದರು, "ಒಬ್ಬರೇ ಹೋಗಿ ಬಂದಿರಂತೆ."

"ಹೌದು."

"ಮದುವೆ ನೋಂದಣಿಗೂ ಹೋಗಿದ್ದಿರಂತೆ. ವರ ಸಿಕ್ಕಿದನಾ?"

ಯಾರು ನೋಡಿ ಬಂದು ಹೇಳಿದರೋ! ಈ ಊರಿನಲ್ಲಿ ಅವರಿಗೆ ತಿಳಿಯದ್ದು ಏನಿದೆ? ನನಗೆ ನಗು ಬಂತು, ತಡೆದುಕೊಂಡೆ. ಅವರು ತಡೆದುಕೊಳ್ಳಲಿಲ್ಲ.

ಬೆಳಗ್ಗೆ ಇಂಜಿನಿಯರು ಹೇಳಿದ ಹಾಗೆಯೇ ಬಂದಳು. ಜೊತೆಗೆ ವಾಲ್ವು ತಿರುಗಿಸುವವನು, ಇನ್ನಿಬ್ಬರು ಕೆಲಸದವರು. ಬೆಲ್ಲದ ಡಬ್ಬಿಯ ಕಡೆ ಹೋದ ನನ್ನ ಕೈಯನ್ನು ನಾನೇ ಹಿಡಿದುಕೊಂಡೆ. ನಳ್ಳಿಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ನೀರು. ನನ್ನದೊಂದು ಗ್ಲಾಸು ಹಿಡಿದಳು. ಎದುರುಮನೆಯಿಂದ ನಾನಿ ಸ್ವತಃ ಒಂದು ಗ್ಲಾಸು ತಂದರು, ಆರತಿಯ ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ. ಎರಡನ್ನೂ ಅಂಗಳದ ತುಳಸಿಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ನನ್ನದು ಮಬ್ಬು, ಅವರದು ಸ್ಪಷ್ಟ. ಅಂಗಳದ ಜನರೆಲ್ಲ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಸುತ್ತ ನಿಂತರು.

ಇಂಜಿನಿಯರು ಚಿಕ್ಕ ಸೀಸೆಯಿಂದ ಎರಡಕ್ಕೂ ಹನಿ ಹನಿ ಔಷಧಿ ಬಿಟ್ಟಳು. ನಾನಿಯ ಗ್ಲಾಸಿನ ನೀರು ನಿಂಬೆಹಣ್ಣಿನ ಹಾಗೆ ಹಳದಿಯಾಯಿತು. ನನ್ನದು ಇದ್ದ ಹಾಗೇ ಇತ್ತು. ನಾನು ಒಳಗೊಳಗೇ ಹಿಗ್ಗಿದೆ. ಅವರ ನೀರಿನಲ್ಲೇ ಏನೋ ಇದೆ!

"ಹಳದಿ ಆಗಬೇಕು ಮಾವಶಿ," ಎಂದಳು ಇಂಜಿನಿಯರು. "ನೀರಿಗೆ ಹಾಕಿದ ಕ್ಲೋರಿನ್ ಇನ್ನೂ ಉಳಿದಿದೆ ಅಂತ ಅರ್ಥ. ನಿಮ್ಮದರಲ್ಲಿ ಉಳಿದಿಲ್ಲ. ಹೊರಗಿನ ಕೊಳೆ ಸೇರಿ ಅದನ್ನು ತಿಂದುಹಾಕಿದೆ. ದೊಡ್ಡ ಪೈಪು ಸರಿ ಇದೆ, ನಿಮ್ಮ ಸಾಲಿನದ್ದು ಎಲ್ಲೋ ತೂತಾಗಿದೆ."

ನಾನಿಯ ಗ್ಲಾಸು ಬಿಸಿಲಿಗೆ ಹಳದಿಯಾಗಿ ಮಿನುಗುತ್ತಿತ್ತು. ಜೀವಮಾನದಲ್ಲಿ ಯಾರ ಸೀರೆಯ ಬಣ್ಣಕ್ಕೂ ನಾನು ಅಷ್ಟು ಹೊಟ್ಟೆಕಿಚ್ಚು ಪಟ್ಟವಳಲ್ಲ, ಆ ಹಳದಿಗೆ ಪಟ್ಟೆ.

ಇನ್ನೊಂದು ಬಾಟಲಿಯಲ್ಲಿ ನನ್ನ ನೀರನ್ನು ಮುಚ್ಚಿ ಲ್ಯಾಬಿಗೆ ಕಳಿಸಿದರು. ನಮ್ಮ ಸಾಲಿನ ನೀರು ನಿಲ್ಲಿಸಿ, ಹಿಂದಿನ ಗಲ್ಲಿಯಲ್ಲಿ ಅಗೆದರು. ಪೈಪು ಹಾದುಹೋಗಿದ್ದದ್ದು ಗಟಾರದ ಒಳಗಿನಿಂದಲೇ. ಎಷ್ಟೋ ವರ್ಷದ ಹಳೆಯ ಪೈಪು, ತುಕ್ಕು ತಿಂದು ತೂತು ಬಿದ್ದಿತ್ತು. ನೀರು ನಿಂತ ಹೊತ್ತಿನಲ್ಲಿ ಗಟಾರದ ಕೊಳೆ ಒಳಗೆ ಎಳೆದುಕೊಳ್ಳುತ್ತದೆ, ಬೆಳಗ್ಗೆ ಮೊದಲು ಅದೇ ಹೊರಗೆ ಬರುತ್ತದೆ. ಇಂಜಿನಿಯರು ಆ ತುಂಡನ್ನು ಎತ್ತಿ ತೋರಿಸಿದಳು. ನಾನು ಅವಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದೆ, ಎದುರು ಸಾಲಿನವರು ಅವರ ಪೈಪು ಹಾಕಿಸುವಾಗ ಅಗೆದು ಪೆಟ್ಟಾಗಿ ನಮ್ಮದು ಹೀಗಾಯಿತೇ ಎಂದು. ಹೌದು ಎಂದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತೋ! "ಇಲ್ಲ ಮಾವಶಿ, ಅವರದು ಅಂಗಳದ ಆಚೆ ಬದಿ. ಇದು ತಾನಾಗಿಯೇ ಹಾಳಾಗಿದೆ," ಎಂದಳು.

ಹೊಸ ಪೈಪು ಗಟಾರದಿಂದ ಮೇಲಕ್ಕೆ, ಗೋಡೆಯ ಪಕ್ಕದಲ್ಲಿ ಬರಬೇಕಿತ್ತು. ಆ ಕೆಲಸ ಮುಗಿಯುವವರೆಗೆ ನಮ್ಮ ಸಾಲಿಗೆ ನೀರಿಲ್ಲ. ನಾನಿ ಕೇಳುವ ಮೊದಲೇ ಬಾಲ್ದಿ ತುಂಬಿಸಿ ನನ್ನ ಬಾಗಿಲಲ್ಲಿ ಇಟ್ಟುಹೋದರು. ಅಗೆಯುವವರು ಬಿಸಿಲಿನಲ್ಲಿ ಕೂತಾಗ, ಈಗಲಾದರೂ ನನ್ನ ಸರದಿ ಎಂದು ಬೆಲ್ಲ-ನೀರು ತೆಗೆದುಕೊಂಡು ಹೋದೆ. ಬೆಲ್ಲ ನನ್ನದು, ನೀರು ಅವರದು. ಕೆಲಸದವರು ಕುಡಿದು, ಕುರ್ಚಿ ಹಾಕಿಕೊಂಡು ಕೂತಿದ್ದ ನಾನಿಯ ಕಡೆ ತಿರುಗಿ, "ನಾನಿ, ತುಂಬಾ ತಂಪಾಗಿದೆ," ಎಂದರು. ನಾನು ಖಾಲಿ ತಟ್ಟೆ ಎತ್ತಿಕೊಂಡು ಬಂದೆ.

ಹೊಸ ನೀರು ಬಂದ ಬೆಳಗ್ಗೆ ಮೊದಲ ಬಾಲ್ದಿಯಿಂದಲೇ ತಿಳಿಯಾಗಿತ್ತು. ಇಂಜಿನಿಯರು ಮತ್ತೊಮ್ಮೆ ಬಂದು ನನ್ನ ಗ್ಲಾಸಿಗೆ ಹನಿ ಬಿಟ್ಟಳು, ಹಳದಿಯಾಯಿತು. ಲ್ಯಾಬಿಗೂ ಒಂದು ಬಾಟಲಿ ತುಂಬಿಸಿಕೊಂಡಳು. ಅವಳು ಕೈತೊಳೆದು ಚೀಲ ಮುಚ್ಚಿದ ಮೇಲೆ, "ಈಗ ಕೊಡಬಹುದಾ?" ಎಂದು ಕೇಳಿದೆ. ನಕ್ಕು ಕೂತಳು. ಬೆಲ್ಲ ತಿಂದು, ಲಾವಂಚ ಹಾಕದ ನಳ್ಳಿ ನೀರನ್ನೇ ಕುಡಿದು ಹೋದಳು. ಲ್ಯಾಬಿನಿಂದಲೂ ಹೊಸ ನೀರು ಒಳ್ಳೆಯದೆಂದು ಬಂತಂತೆ, ಫೋನು ಮಾಡಿ ಹೇಳಿದಳು.

ಆದರೆ ನಿಮ್ಮಪ್ಪನ ಮೊಬೈಲಿಗೆ ಬಂದ ಮೆಸೇಜು? ನಿಮ್ಮ ದೂರನ್ನು ಪರಿಶೀಲಿಸಿ ಪರಿಹರಿಸಲಾಗಿದೆ. ಮೊದಲು ಬಂದದ್ದೂ ಅದೇ, ಅಕ್ಷರಕ್ಕೆ ಅಕ್ಷರ. ನಿಮ್ಮಮ್ಮ ಅದನ್ನು ಓದಿ ಹೇಳಿದಳಂತೆ, "ಹೋದ ಸಲವೂ ಹೀಗೇ ಇತ್ತಲ್ಲ." ಅವಳದ್ದು ತಪ್ಪೆನ್ನಲು ನನಗೆ ಬಾಯಿಲ್ಲ. ಹೋದ ಸಲ ಹಾಗೆ ಬರುವಂತೆ ಮಾಡಿದ್ದೇ ನಾನು.

ರಜೆ ಶುರುವಾಗಿ ಮೊದಲ ಭಾನುವಾರ ನೀವು ಬಂದಿರಿ. ಬಟ್ಟೆಯ ಬ್ಯಾಗು ತಂದಿದ್ದಿರಿ, ಆದರೆ ಅದನ್ನು ಬಿಚ್ಚಿರಲಿಲ್ಲ. ಸಂಜೆ ನೋಡೋಣ ಎಂದಿದ್ದಳು ನಿಮ್ಮಮ್ಮ. ಬ್ಯಾಗಿನ ಪಕ್ಕದಲ್ಲಿ ಮತ್ತೆ ಆ ಬಾಟಲಿಗಳು. ನಾನು ಹಿತ್ತಾಳೆಯ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಇಟ್ಟೆ. ನೀವು ಬೆಲ್ಲ ತಿಂದಿರಿ. ದೊಡ್ಡವಳು ಚೊಂಬನ್ನು ಮೂಸಿ ಅಮ್ಮನ ಮುಖ ನೋಡಿದಳು. ನಿಮ್ಮಮ್ಮ ಮೊಬೈಲು ನೋಡಿದಳು. ಚೊಂಬು ಅಲ್ಲೇ ಇತ್ತು. ಊಟದ ಹೊತ್ತಿಗೆ ಬಾಟಲಿ ಖಾಲಿ. ಸಣ್ಣವನು ಎದ್ದು ಬಾಗಿಲ ಕಡೆ ಹೆಜ್ಜೆ ಇಟ್ಟ. ನನಗೆ ಬ್ಯಾಗು ವಾಪಸು ಹೋಗುವುದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ನಾನಿ.

ಅವರು ನನ್ನ ಹೊಸ್ತಿಲು ದಾಟಿ ಒಳಗೆ ಕೂತದ್ದು ಅಷ್ಟು ವರ್ಷದಲ್ಲಿ ಬಹಳ ಕಡಿಮೆ. ನೀರಂತೂ ಯಾರ ಮನೆಯಲ್ಲೂ ಕುಡಿಯುವವರಲ್ಲ. ದೇವಸ್ಥಾನಕ್ಕೆ ಹೋಗುವಾಗಲೂ ತಮ್ಮ ಮಡಕೆಯ ನೀರನ್ನೇ ಚಿಕ್ಕ ಚೊಂಬಿನಲ್ಲಿ ಒಯ್ಯುವವರು. ಅದು ಅಂಗಳಕ್ಕೆಲ್ಲ ಗೊತ್ತು, ನಿಮ್ಮಮ್ಮನಿಗೂ ಗೊತ್ತು. ಚಾಪೆಯ ಮೇಲೆ ಕಾಲು ಚಾಚಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡರು.

"ಬೆನ್, ಪಾನಿ ಆಪೋ. ಆ ಇನ್ಸ್‌ಪೆಕ್ಟರನಿಗೆ ಎರಡು ಚೊಂಬು ಕೊಟ್ಟಿರಲ್ಲ, ನನಗೆ ಒಂದಾದರೂ ಕೊಡಿ. ಕುದಿಸಿದ್ದು ಬೇಡ, ನಳ್ಳಿಯದು."

ಬೆಳಗ್ಗೆ ತುಂಬಿಸಿಟ್ಟ ನೀರನ್ನು ಕೊಟ್ಟೆ. ಬೆಲ್ಲವನ್ನು ನಾಲಿಗೆಯ ಮೇಲಿಟ್ಟುಕೊಂಡು, ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ, ಪೂರ್ತಿ ಕುಡಿದರು. ಕುಡಿಯುವ ಸದ್ದು ಕೋಣೆಯಲ್ಲೆಲ್ಲ ಕೇಳುತ್ತಿತ್ತು. ಚೊಂಬು ಕೆಳಗಿಟ್ಟು ನಿಮ್ಮಮ್ಮನ ಕಡೆಗೆ ನೋಡಿದರು.

"ನನ್ನದಕ್ಕಿಂತ ಸಿಹಿ."

"ಬೆಲ್ಲ ತಿಂದಿದ್ದೀರಿ ನಾನಿ, ಅದಕ್ಕೇ," ಎಂದಳು ನಿಮ್ಮಮ್ಮ. ಆದರೆ ನಕ್ಕಳು.

ಸಣ್ಣವನು ಬಾಗಿಲಿನಿಂದ ವಾಪಸು ಬಂದು ಖಾಲಿ ಚೊಂಬಿನೊಳಗೆ ಇಣುಕಿದ. "ನಾನಿ ಪೀಯಾ ತೋ ಮೈ ಭೀ. ಅಜ್ಜಿ, ನನಗೂ ಬೇಕು." ಅವನ ಹಿಂದೆ ದೊಡ್ಡವಳು. ನಾನು ಬಗ್ಗಿಸಿ ಕೊಟ್ಟೆ. ನಿಮ್ಮಮ್ಮ ಬೇಡ ಎನ್ನಲಿಲ್ಲ. ಸಂಜೆ ಬ್ಯಾಗು ಬಿಚ್ಚಿ ನಿಮ್ಮ ಬಟ್ಟೆಗಳನ್ನು ಅಜ್ಜನ ಕಪಾಟಿನಲ್ಲಿ ಮಡಚಿಟ್ಟಳು. ಮೇಲಿನಿಂದ ಆ ಹೊಸ ಚಾಪೆಯನ್ನೂ ಅವಳೇ ಇಳಿಸಿದಳು.

ಪೈಪು ಹಾಕಿದ್ದು ಮುನಿಸಿಪಾಲಿಟಿ. ಆಫೀಸಿಗೆ ಹೋದದ್ದು ನಾನು. ಆದರೆ ನೀವು ಕುಡಿದದ್ದು ನಾನಿ ಕುಡಿದರೆಂದು. ಅದು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ನಾನಿ ಆವತ್ತು ಬಂದದ್ದು ಬಾಯಾರಿಕೆಯಿಂದಲ್ಲ, ತಮ್ಮ ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದರು ಎಂದು ನನಗೆ ಗೊತ್ತು. ನಾನು ಅವರನ್ನು ಕೇಳಿಲ್ಲ, ಅವರೂ ಹೇಳಿಲ್ಲ.

ರಜೆಯಲ್ಲಿ ನೀವು ಕೇರಂ ಆಡಲು ಅತ್ತ ಹೋದರೂ ನೀರು ಕುಡಿಯಲು ಇತ್ತ ಬರುತ್ತಿದ್ದಿರಿ. ಮಧ್ಯಾಹ್ನ ನಾನಿಯೂ ನಿಮ್ಮ ಜೊತೆ ಬಂದು ಚಾಪೆಯಲ್ಲಿ ಕೂರುವುದು ರೂಢಿಯಾಯಿತು. ಬೆಲ್ಲ-ನೀರು ಕೊಡುವ ಕೆಲಸವನ್ನು ನೀವಿಬ್ಬರೂ ವಹಿಸಿಕೊಂಡಿರಿ. ತಟ್ಟೆಯಲ್ಲಿದ್ದ ಬೆಲ್ಲದಲ್ಲಿ ದೊಡ್ಡ ತುಂಡನ್ನೇ ಹುಡುಕಿ ಅವರ ಕೈಯಲ್ಲಿಟ್ಟು, ಚಿಕ್ಕದನ್ನು ನನಗೆ ಕೊಡುತ್ತಿದ್ದಿರಿ. ನೀವು ಗಮನಿಸಿರಲಿಕ್ಕಿಲ್ಲ, ನಾನು ಗಮನಿಸಿದ್ದೇನೆ.

ಈಗ ನಾನು ಬೆಲ್ಲದ ಅಚ್ಚನ್ನು ಮೊದಲೇ ಒಡೆದು, ಎಲ್ಲ ತುಂಡುಗಳನ್ನೂ ಒಂದೇ ಅಳತೆಗೆ ಮಾಡಿ ಡಬ್ಬಿಗೆ ತುಂಬುತ್ತೇನೆ.